ಹೊಳೆಗಿಳಿದ ಲಗೇಜ್ ಆಟೋ

"ಲೇ ಸಿದ್ದಿ, ನಿಮ್ಮಕ್ಕನ ಮನಿಗೆ ನಿನ್ನನ್ನ ಬಸ್ಸಿನಾಗೆ ನೂಕಾಡಿಸ್ಕಂಡು ಕರ್ಕಂಡು ಹೋಗಾಕೆ ನಾನೇನು ಸಾದಾ ಮನುಷ್ಯನಾ? ನೀರಿನ ಮೇಲೆ ಕರ್ಕಂಡು ಹೋಗ್ತೀನಿ! ನಮ್ಮ ಅಂಗಳದಾಗೆ ಹತ್ತು, ಅವರ ಅಂಗಳದಾಗೆ ಇಳಿ. ಕಾಲಿಗೆ ಒಂದು ಹನಿ ತಾಗಿದ್ರೆ ನನ್ನ ಹೆಸರು ಹಾಲೇಶಪ್ಪನೇ ಅಲ್ಲ!"

ಸಾಸ್ವೆಹಳ್ಳಿಯ ನಿವೃತ್ತ ಹವಾಲ್ದಾರ್ ಹಾಲೇಶಪ್ಪನವರು ಈ ಮಹಾಘೋಷಣೆ ಹೊರಡಿಸಿದ್ದು ಯುಗಾದಿ ಕಳೆದ ಹೊಸದರಲ್ಲಿ, ಬಾಯ್ತುಂಬ ಒಗ್ಗರಣೆ ಮಂಡಕ್ಕಿ ತುಂಬಿಕೊಂಡು. ಅರ್ಧ ಘೋಷಣೆ ಹೆಂಡತಿ ಸಿದ್ದಲಿಂಗಮ್ಮನ ಕಿವಿಗೆ ಬಿತ್ತು, ಉಳಿದರ್ಧ ಮಂಡಕ್ಕಿಯ ಜತೆ ಚಾಪೆಯ ಮೇಲೆ ಬಿತ್ತು.

ಸಿದ್ದಲಿಂಗಮ್ಮನ ಅಕ್ಕ ಕೊಟ್ರಮ್ಮ ಇರುವುದು ತುಂಗಭದ್ರೆಯ ಆಚೆ ದಡದಲ್ಲಿ, ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ. ಈಚೆ ನಿಂತರೆ ಅವರ ಮನೆಯ ಹುಣಸೆಮರ ಕಾಣುತ್ತದೆ. ರಸ್ತೆಯಲ್ಲಾದರೆ ಹೊನ್ನಾಳಿ ಸೇತುವೆ ಸುತ್ತಿ, ಬಸ್ಸು ಬದಲಿಸಿ ಹೋಗಬೇಕು. ಅಕ್ಕನ ಸೊಸೆ ಪ್ರಮೀಳಾ ಹಬ್ಬದ ದಿನವೇ ಫೋನು ಮಾಡಿದ್ದಳು: "ಸಣ್ಣತ್ತೆ, ಅತ್ತೆಗೆ ಮರವು ಜಾಸ್ತಿ ಆಗೈತೆ. ನಿನ್ನೆ ನನ್ನೇ ಯಾರು ಅಂತ ಕೇಳಿದ್ರು. ನಿಮ್ಮ ಹೆಸರೊಂದು ಬಿಟ್ಟಿಲ್ಲ. ಬೇಗ ಬಂದು ಹೋಗ್ರಿ."

ಸಿದ್ದಲಿಂಗಮ್ಮ ಅವತ್ತೇ ಚೀಲ ತುಂಬಿದರು. ಹವಾಲ್ದಾರರು ಫೋನು ಕಿತ್ತುಕೊಂಡು ಕೊಟ್ರಮ್ಮನಿಗೇ ಹೇಳಿದರು: "ಅಕ್ಕಾರೇ, ನಾನೇ ಕರ್ಕಂಡು ಬರ್ತೀನಿ. ಹೆಂಗೆ ಬರ್ತೀನಿ ನೋಡ್ತಾ ಇರ್ರಿ!"

ಸೈನ್ಯದಲ್ಲಿ ಅವರು ಓಡಿಸುತ್ತಿದ್ದದ್ದು ಅಂತಿಂಥ ಗಾಡಿಯಲ್ಲ. ನೆಲದ ಮೇಲೆ ಟ್ಯಾಂಕಿನಂತೆ ಉರುಳಿ, ನೀರಿಗಿಳಿದರೆ ಎಮ್ಮೆಯಂತೆ ತೇಲಿ ಆಚೆ ದಡ ಹತ್ತುವ ಯುದ್ಧಗಾಡಿ. ನಿಜ ಹೇಳಬೇಕೆಂದರೆ ಅದು ನೀರಿನ ಮೇಲೆ ಓಡಿದ್ದಕ್ಕಿಂತ ಹಾಲೇಶಪ್ಪನವರ ನಾಲಗೆಯ ಮೇಲೆ ಓಡಿದ್ದೇ ಹೆಚ್ಚು. ಈಚೆಗೆ ಮೊಬೈಲು ಬೇರೆ ತಲೆ ಕೆಡಿಸಿತ್ತು. ಅದರಲ್ಲಿ ಕಪ್ಪು ಕನ್ನಡಕದ ಪರದೇಶದವರು ಕಾರನ್ನು ಸೀದಾ ಕೆರೆಗೆ ಇಳಿಸುತ್ತಿದ್ದರು. ಚಕ್ರ ಮಡಚಿಕೊಂಡು ಕಾರು ದೋಣಿಯಾಗುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಹಣ್ಣಿನ ರಸ ಹೀರುತ್ತಿದ್ದಳು! ಇನ್ನೊಂದು ಗಾಡಿಗೆ ಚಕ್ರವೇ ಇಲ್ಲ. ಗಾಳಿಯ ಮೇಲೆ ಕೂತು ನೀರು, ಕೆಸರು ಎಲ್ಲ ಒಂದೇ ಎಂದು ಹಾರಿಹೋಗುತ್ತಿತ್ತು.

ಹಾಲೇಶಪ್ಪನವರು ಗುಜರಿಯಿಂದ ಒಂದು ಹಳೇ ಲಗೇಜ್ ಆಟೋ ಎಳೆಸಿ ತಂದರು. ಎರಡೂ ಮಗ್ಗುಲಿಗೆ ನೀಲಿ ಡ್ರಮ್ಮು ಕಟ್ಟಿದರು. ಹಿಂದೆ ನೀರು ತಳ್ಳಲು ತಗಡಿನ ರೆಕ್ಕೆ. ಡ್ರಮ್ಮು ಒಂದು ಸಾಲದೆ ಬಂದಾಗ ಬಚ್ಚಲಮನೆಯ ಡ್ರಮ್ಮಿಗೂ ಸೇನಾ ಭರ್ತಿಯಾಯಿತು.

"ಅದು ಸೀಳೈತ್ರೀ. ಮೇಣ ಮೆತ್ತಿ ಇಟ್ಕಂಡೀನಿ."

"ಬಚ್ಚಲ ವಿಷಯ ನಿಂದು, ಯುದ್ಧದ ವಿಷಯ ನಂದು. ಸುಮ್ಕಿರು!"

ಗಾಡಿ ಸಿದ್ಧವಾಯಿತು. 'ಜಲಸಿಂಹ' ಎಂದು ಬಣ್ಣದಲ್ಲಿ ಬರೆಸಿದ್ದೂ ಆಯಿತು. ಆದರೆ ನಡುಬೇಸಿಗೆ, ಹೊಳೆಯಲ್ಲಿ ನೀರೇ ಇಲ್ಲ.

"ಎಮ್ಮೆಗಳು ನಡ್ಕಂಡೇ ದಾಟ್ತಾ ಅದಾವೆ. ನಾವೂ ನಡ್ಕಂಡು ಹೋಗಿ ಬರಣ ಬರ್ರಿ" ಎಂದರು ಸಿದ್ದಲಿಂಗಮ್ಮ.

"ಎಮ್ಮೆ ದಾಟೋ ನೀರಿಗೆ ನನ್ನ ಸಿಂಹನ ಇಳಿಸಿದ್ರೆ ಮಾನ ಉಳಿತೈತಾ? ಹೊಳೆ ಬರ್ಲಿ!"

ಒಬ್ಬಳೇ ಹೊರಟರೆ ಮನೆಯಲ್ಲಿ ಮಹಾಯುದ್ಧ. ಸಿದ್ದಲಿಂಗಮ್ಮ ತುಂಬಿದ ಚೀಲ ಬಿಚ್ಚಿದರು. ಮಳೆ ಹಿಡಿದಾಗ ಪ್ರಮೀಳಾ ಮತ್ತೆ ಫೋನು ಮಾಡಿದಳು. "ಈಗೀಗ ನಿಮ್ಮನ್ನ ಕೇಳೋದೂ ಕಮ್ಮಿ ಮಾಡ್ಯಾರೆ, ಸಣ್ಣತ್ತೆ." ಅವತ್ತಿಡೀ ಸಿದ್ದಲಿಂಗಮ್ಮ ಗಂಡನ ಜತೆ ಮಾತಾಡಲಿಲ್ಲ. ಹವಾಲ್ದಾರರಿಗೆ ಅದು ಗೊತ್ತಾಗಲೂ ಇಲ್ಲ. ಅವರು ಮೋಡ ನೋಡುತ್ತಿದ್ದರು.

ಮಹಾಪೂರ ಬಂದು ಇಳಿದು, ಹೊಳೆ ಹದಕ್ಕೆ ಬಂದ ಒಂದು ಬೆಳಿಗ್ಗೆ ಊರೇ ದಡದಲ್ಲಿ ನೆರೆಯಿತು. ಸಿದ್ದಲಿಂಗಮ್ಮ ಅಕ್ಕನಿಗೆಂದು ತಂದ ಸೀರೆ, ಚಕ್ಕುಲಿಯ ಚೀಲವನ್ನು ಮಡಿಲಲ್ಲಿ ಅವಚಿಕೊಂಡು ಗಾಡಿಯಲ್ಲಿ ಕೂತರು. ಮೀನು ಹಿಡಿಯುವ ಚಿಕ್ಕಹನುಮಂತಪ್ಪ ತನ್ನ ಹರಿಗೋಲಿನಿಂದಲೇ ಕೇಳಿದ: "ನಾನು ದಾಟಿಸ್ಲೇನ್ರಿ, ಹವಾಲ್ದಾರ್ರೇ?"

"ಬುಟ್ಟಿಯಾಗೆ ಕೂರಾಕೆ ನಾವೇನು ಬದ್ನೇಕಾಯೇನಯ್ಯಾ?"

ಜಲಸಿಂಹ ಗರ್ಜಿಸಿತು, ಹೊಗೆ ಉಗುಳಿತು, ನೀರಿಗಿಳಿಯಿತು. ತೇಲಿತು! ನಿಜವಾಗಿಯೂ ತೇಲಿತು! ಜನ ಸಿಳ್ಳೆ ಹೊಡೆದರು, ಹವಾಲ್ದಾರರು ಸೆಲ್ಯೂಟು ಹೊಡೆದರು. ಮುಕ್ಕಾಲು ಹೊಳೆ ದಾಟುವಷ್ಟರಲ್ಲಿ ಎಡಮಗ್ಗುಲು ಗುಳುಗುಳು ಅಂದಿತು. ಬಚ್ಚಲ ಡ್ರಮ್ಮು ನೀರು ಕುಡಿಯತೊಡಗಿತ್ತು. ಗಾಡಿ ವಾಲಿತು.

"ಭಾರ ಕಮ್ಮಿ ಮಾಡ್ಬೇಕು!" ಎಂದು ಹವಾಲ್ದಾರರು ಕೂಗಿದರು. ಕಾಲಬುಡದಲ್ಲಿ ಎರಡಾಳಿನ ಭಾರದ ಕಬ್ಬಿಣದ ಪೆಟ್ಟಿಗೆ, ತುಂಬ ಸ್ಪ್ಯಾನರು, ಜಾಕು. ಅವರು ಎಸೆದದ್ದು ಸೀರೆ ಚಕ್ಕುಲಿಯ ಚೀಲವನ್ನು. ಗಾಡಿ ಇನ್ನೂ ವಾಲಿತು. ಹವಾಲ್ದಾರರು ಹೆಂಡತಿಯ ಕಡೆ ತಿರುಗಿದರು.

"ಸಿದ್ದಿ, ನೀನು ಒಂಚೂರು ಇಳಿ."

"ಎಲ್ಲಿಗೆ? ಹೊಳಿಗಾ?"

"ಇಲ್ಲಿ ಎದಿಮಟ್ಟ ಅಷ್ಟೇ."

"ಹಂಗಾದ್ರೆ ನೀವೇ ಇಳೀರಿ!"

"ಡ್ರೈವರ್ ಗಾಡಿ ಬಿಡಂಗಿಲ್ಲ ಕಣೇ!"

ಸಿದ್ದಲಿಂಗಮ್ಮ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಬಿಗಿದು ಇಳಿದರು. ಎದೆಮಟ್ಟದ ನೀರು ಸೊಂಟಕ್ಕೆ, ಮೊಣಕಾಲಿಗೆ ಇಳಿಯುತ್ತ ಹೋಯಿತು. ಹಿಂತಿರುಗದೆ ಆಚೆ ದಡ ಹತ್ತಿದರು. ಹಗುರಾದ ಜಲಸಿಂಹ ಗರಗರ ತಿರುಗಿ, ಬಲೆಯೊಂದಕ್ಕೆ ಸಿಕ್ಕಿ ಕೆಟ್ಟು ನಿಂತಿತು. ಚಿಕ್ಕಹನುಮಂತಪ್ಪ ಹವಾಲ್ದಾರರನ್ನು ಅದೇ ಬುಟ್ಟಿಯಲ್ಲಿ ಕೂರಿಸಿ ಈಚೆ ದಡಕ್ಕೆ ತಂದು ಬಿಟ್ಟ.

ಸಿದ್ದಲಿಂಗಮ್ಮ ಮನೆಗೆ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ. ವಾರ ಕಳೆದ ಮೇಲೆ ಹಾಲೇಶಪ್ಪನವರು ಹೊಸ ಸೀರೆ ಹಿಡಿದುಕೊಂಡು, ಹೊನ್ನಾಳಿ ಬಸ್ಸಿನಲ್ಲಿ ನಿಂತೇ ಹೋದರು. ಪ್ರಮೀಳಾ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದಳು: "ಸಣ್ಣತ್ತೆ ಮೈಯೆಲ್ಲ ನೆಂದು ಬಂದ್ರು. ಅತ್ತೆ ಗುರುತೇ ಹಿಡೀಲಿಲ್ಲ, ಮಾವ. 'ಯಾರವ್ವ ನೀನು, ತಲೆ ಒರಸ್ಕ' ಅಂದ್ರು. ಅವತ್ತಿಂದ ಹಂಗೇ ಐತೆ."

ಒಳಗೆ ಸಿದ್ದಲಿಂಗಮ್ಮ ಅಕ್ಕನ ಹಿಂದೆ ಕೂತು ತಲೆ ಬಾಚುತ್ತಿದ್ದರು. ಕಣ್ಣೆತ್ತಲಿಲ್ಲ. ಕೊಟ್ರಮ್ಮ ಮಾತ್ರ ಬಂದವರನ್ನು ದಿಟ್ಟಿಸಿದರು. ಮುಖ ಅರಳಿತು.

"ಹವಾಲ್ದಾರ್ರಲ್ವಾ! ಬರ್ರಿ, ಬರ್ರಿ!"

ಪ್ರಮೀಳಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹಾಲೇಶಪ್ಪನವರ ಎದೆ ತಡೆಯಲಾರದೆ ಉಬ್ಬಿತು. "ನೋಡಿದ್ಯಾ ಸಿದ್ದಿ? ನನ್ನ ಗುರುತು ಸಿಕ್ತು!"

ಕೊಟ್ರಮ್ಮ ಅವರ ಬೆನ್ನ ಹಿಂದೆ, ಬಾಗಿಲ ಕಡೆ ಕತ್ತು ಚಾಚಿ ನೋಡಿದರು.

"ಒಬ್ರೇ ಬಂದ್ರೇನ್ರೀ? ಕರ್ಕಂಡು ಬರ್ತೀನಿ ಅಂದಿದ್ರಿ. ನಮ್ಮ ಸಿದ್ದಿ ಎಲ್ಲಿ?"

ಬಾಚಣಿಗೆ ನಿಂತಿತು.

"ಹೇಳ್ರಿ" ಎಂದರು ಸಿದ್ದಲಿಂಗಮ್ಮ. "ಅಕ್ಕ ಕೇಳ್ತಾ ಅದಾಳೆ."