ಹಲ್ಲು ಕಟ್ಟುವವನು ಕಟ್ಟಿದ ಜಗಲಿ

"ಈ ಊರಿನ ಅರ್ಧ ಬಾಯಿ ನನ್ನ ಕೈಯಲ್ಲಿ ತಯಾರಾಗಿದೆ. ಒಂದು ಜಗಲಿ ಯಾವ ಲೆಕ್ಕ?" ಎಂದು ನಿಕಾನೋರ್ ಘೋಷಿಸಿದ.

ಬರಾಂಕೀಯಾ ಪಟ್ಟಣದಲ್ಲಿ ಅವನ ಕಸುಬು ಕಟ್ಟುಹಲ್ಲು ಮಾಡುವುದು. ಅಚ್ಚು, ಗಾರೆಗಳ ನಡುವೆಯೇ ತಲೆ ನರೆತವನಿಗೆ, ಕಲ್ಲು ಹಾಸಿದಂತೆ ಕಾಣುವ ಅಚ್ಚಿನ ಕಾಂಕ್ರೀಟು ಹಾಕಲು ಮೇಸ್ತ್ರಿ ಬೇಕೇ? ಸಂಜೆಯಾದರೆ ಬೀದಿಯವರೆಲ್ಲ ತಂತಮ್ಮ ಜಗಲಿಯ ಮೇಲೆ ತೂಗುಕುರ್ಚಿ ಹಾಕಿ ಗಾಳಿಗೆ ಕೂರುತ್ತಿದ್ದರು. ಅವನ ಜಗಲಿ ಮಾತ್ರ ಅಲ್ಲಲ್ಲಿ ಕಿತ್ತುಬಂದು, ಮುಂದಿನ ಹಲ್ಲು ಹೋದ ಬಾಯಿಯಂತೆ ಇಡೀ ಬೀದಿಗೆ ನಗುತ್ತಿತ್ತು. ಕಸುಬುದಾರನಿಗೆ ಇದಕ್ಕಿಂತ ಅವಮಾನ ಉಂಟೇ!

"ನಿಕಾ, ಶನಿವಾರ ಒಂದು ಬೇಡ," ಎಂದಳು ಹೆಂಡತಿ ಎಡಿಲ್ಮಾ. "ಎದುರುಮನೆ ತುಲಿಯಾ ಮೊಮ್ಮಗಳಿಗೆ ಅವತ್ತು ಹದಿನೈದು ತುಂಬುತ್ತೆ, ದೊಡ್ಡ ಸಮಾರಂಭ. ಕೇಕ್ ನನ್ನದು."

"ನೀನು ಅಡುಗೆಮನೆಯಲ್ಲಿ, ನಾನು ಜಗಲಿಯಲ್ಲಿ. ನಿನ್ನ ಕೇಕಿಗೆ ಕೆನೆ ಹಚ್ಚೋದರೊಳಗೆ ನನ್ನದು ಕಲ್ಲಾಗಿರುತ್ತೆ."

"ಕಾಂಕ್ರೀಟು ಅಷ್ಟು ಬೇಗ ಎಲ್ಲಿ..."

"ಹಲ್ಲಿನ ಗಾರೆ ಒಂದು ಲೋಟ ಕಾಫಿ ಕುಡಿಯೋದರೊಳಗೆ ಗಟ್ಟಿ. ಗಾರೆ ವಿಷಯ ನನಗೆ ಬಿಡು."

ಎಡಿಲ್ಮಾ ಬಿಟ್ಟಳು. ಅವಳ ತಲೆಯಲ್ಲಿದ್ದದ್ದು ಕೇಕು. ಕೆಲಸಕ್ಕಿದ್ದ ಬೇಕರಿ ಮುಚ್ಚಿದ ಮೇಲೆ ಸ್ವಂತ ಹೆಸರಿನಲ್ಲಿ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೇಕು ಅದು. ಇದು ಜನರ ಬಾಯಿಗೆ ಹಿಡಿಸಿದರೆ ನಾಳೆ ಅವರೇ ಹುಡುಕಿಕೊಂಡು ಬರುತ್ತಾರೆ. ಕೆಟ್ಟರೆ ಅದೂ ಅದೇ ಬಾಯಿಗಳಲ್ಲಿ ಊರೆಲ್ಲ ಸುತ್ತುತ್ತದೆ.

ಶನಿವಾರ ಊಟವಾದ ಮೇಲೆ ಬಾಡಿಗೆ ಮಿಕ್ಸರ್ ಗಿರಗಿರ ತಿರುಗಿತು. ಹಲ್ಲಿನ ಗಾರೆಯ ಹದಕ್ಕೆ ಬರಲೆಂದು ನಿಕಾನೋರ್ ಧಾರಾಳವಾಗಿ ನೀರು ಸುರಿದ. ಮನೆ ಬಾಗಿಲಿನ ಹೊಸ್ತಿಲಿನಿಂದ ಬೀದಿಯ ಅಂಚಿನವರೆಗೆ ಕಾಂಕ್ರೀಟನ್ನು ದೋಸೆ ಹಿಟ್ಟಿನಂತೆ ಹರಡಿ, ಕೆಂಪು ಪುಡಿ ಉದುರಿಸಿ, ಕಲ್ಲಿನ ಗುರುತಿದ್ದ ರಬ್ಬರ್ ಅಚ್ಚನ್ನು ಗಂಭೀರವಾಗಿ ಇಟ್ಟ. ಅಚ್ಚು ಒಂದು ಕ್ಷಣ ನಿಂತಿತು. ಆಮೇಲೆ ಕೆಸರಿಗಿಳಿದ ಎಮ್ಮೆಯ ಹಾಗೆ ನೆಮ್ಮದಿಯಾಗಿ ಮುಳುಗಿತು.

ಇನ್ನಷ್ಟು ಹೊತ್ತು ಆರಲಿ ಎಂದು ಬೀದಿಯಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದಾಗ ಹಿಂದೆ ಕಾರಿನ ಹಾರ್ನ್ ಕೇಳಿಸಿತು. ಕೇಕನ್ನು ಸಮಾರಂಭದ ಸಭಾಂಗಣಕ್ಕೆ ಒಯ್ಯಲು ಎದುರುಮನೆ ತುಲಿಯಾ ಬಂದಿದ್ದಳು. ಮನೆಯ ಬಾಗಿಲು ತೆರೆಯಿತು. ಹೊಸ ಅಂಗಿ, ಬಿಳಿ ಚಪ್ಪಲಿ ತೊಟ್ಟ ಎಡಿಲ್ಮಾ. ಅವಳ ಹಿಂದೆ ಮೇಜಿನ ಮೇಲೆ, ಅಗಲ ಹಲಗೆಯಲ್ಲಿ ನಿಂತ ಮೂರಂತಸ್ತಿನ ಬಿಳಿ ಕೇಕು.

"ಎಲ್ಲಿ ಕಾಲಿಡಲಿ?"

"ಎಲ್ಲೂ ಇಡಬೇಡ, ಬಂಗಾರ."

ಕಿಟಕಿಗಳಿಗೆ ಕಬ್ಬಿಣದ ಸರಳು. ಹಿತ್ತಿಲ ಗೋಡೆ ಆಳೆತ್ತರ, ಮೇಲೆ ಗಾಜಿನ ಚೂರು. ಮನೆಗೆ ಇದ್ದದ್ದು ಇದೊಂದೇ ಬಾಗಿಲು.

"ಹಲಗೆ ಅಡ್ಡ ಹಾಕೋ, ಮಗನೇ," ಎಂದಳು ತುಲಿಯಾ.

"ಇದ್ದ ಹಲಗೆಯೆಲ್ಲ ಜಗಲಿ ಅಂಚಿಗೆ ಕೊಟ್ಟಿದೀನಿ. ತೆಗೆದರೆ ಜಗಲಿ ನಿಮ್ಮನೆಗೇ ಬರುತ್ತೆ."

ಎಡಿಲ್ಮಾ ಬೈಯಲಿಲ್ಲ. ಒಳಗೆ ಹೋಗಿ ಕೇಕಿನ ಪಕ್ಕ ಕುರ್ಚಿ ಎಳೆದುಕೊಂಡು, ಕೈಕಟ್ಟಿ ಸುಮ್ಮನೆ ಕೂತಳು. ಬೈದಿದ್ದರೆ ನಿಕಾನೋರ್ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಬೂಟುಗಾಲಿನಲ್ಲೇ ತನ್ನ ಅಮರ ಕೃತಿಯ ಮೇಲೆ ಪಚಪಚನೆ ನಡೆದು ಒಳಗೆ ಬಂದ. ಕೈ ತೊಳೆದ.

"ಏಳು. ಒಂದು ಕಡೆ ನೀನು ಹಿಡಿ, ಒಂದು ಕಡೆ ನಾನು."

ಅವನು ಹಿಂದುಹಿಂದಕ್ಕೆ, ಅವಳು ಮುಂದಕ್ಕೆ. ನಡುವೆ ಕೇಕು. ಅರ್ಧ ದಾರಿ ಸವೆಯಿತು.

"ನಿಕಾ, ಕಾಲು ಬರ್ತಿಲ್ಲ."

"ನನ್ನದೂ."

ಮದುವೆಯ ದಿನ ಬಿಟ್ಟರೆ ಇಷ್ಟು ಹೊತ್ತು ಎದುರುಬದುರು ಅಲ್ಲಾಡದೆ ಅವರು ನಿಂತದ್ದೇ ಇಲ್ಲ. ಅವಳ ಹುಬ್ಬಿನ ಮೇಲೆ ಸಕ್ಕರೆ ಪುಡಿ ಕೂತಿತ್ತು. ಕಣ್ಣು ತುಂಬಿತ್ತು.

"ನೀನು ಹೇಳಿದ್ದೇ ಸರಿ, ಎಡಿಲ್ಮಾ."

"ಈ ಮಾತು ಬರೋಕೆ ನಿನ್ನನ್ನ ಮೊಣಕಾಲವರೆಗೆ ಹೂಳಬೇಕಾಯ್ತಾ?"

ಅವನಿಗೆ ನಗು ಬಂತು. ಅವಳಿಗೂ ಬಂತು. ಕೇಕು ನಡುಗಿತು.

"ನಗಬೇಡಿ, ನನ್ನ ಕೇಕು," ಎಂದು ತುಲಿಯಾ ಅಂಚಿನಿಂದ ಕೂಗಿದಳು. "ಬೂಟು ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ."

"ಇದ್ದದ್ದೊಂದೇ ಒಳ್ಳೆ ಜೊತೆ," ಎಂದಳು ಎಡಿಲ್ಮಾ.

"ಬೇರೆ ಕೊಡಿಸ್ತೀನಿ. ಕಾಲು ಎತ್ತು."

ಕಾಲುಗಳು ಬಂದವು, ಪಾದರಕ್ಷೆ ಬರಲಿಲ್ಲ. ಕೇಕು ಕಾರು ಸೇರಿತು. ಮೇಲಿನ ಗುಲಾಬಿಯೊಂದು ಓರೆಯಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸಿಮೆಂಟು ಚರ್ಮ ತಿಂದೀತೆಂದು ತುಲಿಯಾ ಇಬ್ಬರ ಕಾಲಿಗೂ ಪೈಪು ಹಿಡಿದು ತೊಳೆದಳು. ಗಂಡಹೆಂಡತಿ ಬರಿಗಾಲಲ್ಲೇ ಸಮಾರಂಭಕ್ಕೆ ಹೋದರು, ಬರಿಗಾಲಲ್ಲೇ ಕುಣಿದರು. ಕೇಕು ಯಾರದು ಎಂದು ಕೇಳಿದವರಿಗೆಲ್ಲ ತುಲಿಯಾ, "ಅಗೋ, ಚಪ್ಪಲಿ ಇಲ್ಲದವಳದು" ಎಂದು ತೋರಿಸಿದಳು. ಎರಡು ಮದುವೆ, ಒಂದು ನಾಮಕರಣದ ಕೇಕು ಮಾಡಿಕೊಡುವ ಕೆಲಸ ಅವಳಿಗೆ ಅಲ್ಲೇ ಸಿಕ್ಕಿತು.

ಬೆಳಿಗ್ಗೆ ಎದ್ದು ನೋಡಿದರೆ ಜಗಲಿ ಬಂಡೆ. ನಟ್ಟನಡುವೆ ಒಂದು ಜೊತೆ ಬೂಟು, ಒಂದು ಜೊತೆ ಬಿಳಿ ಚಪ್ಪಲಿ ಮುಖಾಮುಖಿ ನಿಂತಿದ್ದವು. ನಿಕಾನೋರ್ ಉಳಿ ಸುತ್ತಿಗೆ ತಂದ.

"ಮುಟ್ಟಬೇಡ," ಎಂದಳು ಎಡಿಲ್ಮಾ. "ಗಾರೆ ಮೆತ್ತಿದ ಬೂಟು ಹೊರಗೆ ಬಿಡು ಅಂತ ಮದುವೆಯಾದಾಗಿಂದ ಬಾಯಿ ಬಡಕೊಂಡೆ. ನಿನ್ನೆ ಬಿಟ್ಟಿದೀಯ. ಇರಲಿ ಬಿಡು."

ಅವನು ಬಿಟ್ಟ. ಈಗ ಪ್ರತಿ ವರ್ಷ ಮಳೆಗೆ ಮುಂಚೆ ಜಗಲಿ ತಿಕ್ಕಿ ತೊಳೆದು, ಮಂಡಿಯೂರಿ, ಬ್ರಷ್ಷಿನಿಂದ ಹೊಳಪಿನ ಲೇಪ ಎಳೆಯುವುದು ಅವನ ಕೆಲಸ. ಎಡಿಲ್ಮಾ ತೂಗುಕುರ್ಚಿಯಲ್ಲಿ ಕೂತು ಉಸ್ತುವಾರಿ ನೋಡುತ್ತಾಳೆ.

"ನನ್ನ ಚಪ್ಪಲಿಗೆ ಇನ್ನೊಂದು ಕೈ ಹಚ್ಚು."

"ನನ್ನ ಬೂಟಿಗೆ?"

"ಅದಕ್ಕೇನು, ಹೇಗಿದ್ದರೂ ನಡೆಯುತ್ತೆ."