ಐದು ಸೆಕೆಂಡಿನಲ್ಲಿ ಗಂಡನ ಹೆಸರು

ಮಾನ್ಯ ಇ-ಸಹಿ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಸಿಂದಗಿ ಬಸ್ ನಿಲ್ದಾಣದ ಎದುರು ರೊಟ್ಟಿ ಯಂತ್ರ, ಹಿಟ್ಟಿನ ಗಿರಣಿ ಮಾರುವ ಸುವರ್ಣಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ; ತಾವು ಯಾವ ಊರಿನ ಯಾವ ಸರ್ವರಿನಲ್ಲಿ ಬಿಡಾರ ಹೂಡಿದ್ದೀರೋ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಕೊಟೇಶನ್ ತಂತ್ರಾಂಶಕ್ಕೆ ಒಂದು ಇ-ಸಹಿ ಜೋಡಿಸಿದರೆ ಗಿರಾಕಿಗಳು ಅಂಗಡಿಯವರೆಗೆ ಬರುವ ತಾಪತ್ರಯ ತಪ್ಪುತ್ತದೆಂದು ಹೇಳಿ ಕಂಪನಿಯವರು ಮೂರು ಸಂಬಂಧ ತೋರಿಸಿದರು. ಮೊದಲನೆಯದು ಆಧಾರ್ ಮೊಬೈಲಿಗೆ ಓಟಿಪಿ ಕಳಿಸುತ್ತದೆ. ನನ್ನ ಗಿರಾಕಿಗಳ ಆ ಮೊಬೈಲು ಗಂಡನ ಕಿಸೆಯಲ್ಲಿ ಕುರಿಗಳ ಹಿಂದೆ ಹೋಗಿರುತ್ತದೆ. ಎರಡನೆಯದು ಪರದೆಯ ಮೇಲೆ ಬೆರಳಿನಿಂದ ಸಹಿ ಬರೆಸುತ್ತದೆ. ಹಿಟ್ಟು ಮೆತ್ತಿದ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ಮೂರನೆಯವರು ತಾವು. ವಿಡಿಯೊದಲ್ಲಿ ಮುಖ ತೋರಿಸಿ, ದಾಖಲೆಯಲ್ಲಿರುವಂತೆ ತನ್ನ ಹೆಸರನ್ನೂ ಗಂಡನ ಹೆಸರನ್ನೂ ಐದು ಸೆಕೆಂಡಿನಲ್ಲಿ ಹೇಳಿದರೆ ಸಹಿ ಆಯಿತಂತೆ. ನಾನು ಹಿಗ್ಗಿ ತಮ್ಮನ್ನೇ ಆರಿಸಿಕೊಂಡೆ. ಮೊದಲ ಗಿರಾಕಿ ಸಿಂದಗಿಗೆ ಬರುವುದನ್ನು ತಪ್ಪಿಸಲು ನಾನೇ ಬಸ್ಸು ಹಿಡಿದು ಅಗರಖೇಡಕ್ಕೆ ಹೋದೆ.

ಆ ಗಿರಾಕಿ ಶೇವಂತೆವ್ವ, ಹತ್ತು ಹೆಂಗಸರ ಸಂಘದ ಅಧ್ಯಕ್ಷೆ. ಸೋಮವಾರದಿಂದ ಹಾಸ್ಟೆಲ್ಲೊಂದಕ್ಕೆ ದಿನಾ ಆರುನೂರು ರೊಟ್ಟಿ ಕೊಡಲು ಒಪ್ಪಿದ್ದಾರೆ. ಶನಿವಾರ ಸಂಜೆಯೊಳಗೆ ಸಹಿಯಾಗದಿದ್ದರೆ ರೊಟ್ಟಿ ಯಂತ್ರ ಕಾರ್ಖಾನೆಯಿಂದ ಹೊರಡುವುದಿಲ್ಲ, ಹಾಸ್ಟೆಲ್ಲು ಬೇರೆಯವರ ಪಾಲಾಗುತ್ತದೆ. ಆದರೆ ಮಾನ್ಯರೇ, ಶೇವಂತೆವ್ವನಂಥವರು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ. ತಲೆಯ ಮೇಲೆ ಸೆರಗು ಎಳೆದುಕೊಂಡು ತಮ್ಮೆದುರು ಹೇಳಿಯೇ ಹೇಳಿದರು:

“ಭೀಮಾ ದಂಡಿ ಮ್ಯಾಲ ಬಿಳಿಜ್ವಾಳದ ದಂಟು,
ಸೆರಗಿನ ಚುಂಗಿಗೆ ಅರಿಷಿಣದ ಗಂಟು,
ಬಸವಂತರಾಯರಿಗೂ ನನಗೂ ಏಳು ಜನ್ಮದ ನಂಟು.”

ಅರಿಷಿಣದ ಗಂಟಿಗೆ ಬರುವಷ್ಟರಲ್ಲೇ ತಮ್ಮ ಐದು ಸೆಕೆಂಡು ಮುಗಿದು, ತಾವು “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದಿರಿ. “ಅಯ್ಯ, ಭಾಳ ಸೇರೇತಿ ಇದಕ್ಕ, ಇನ್ನೊಂದು ಹೇಳಂತೈತಿ” ಎಂದು ಅವರು ಇನ್ನೊಂದು ಹೇಳಿದರು. ಬಳಿಕ ಕಾಶಿಬಾಯಿ, ರೇಣವ್ವ ಎನ್ನುತ್ತ ಉಳಿದ ಒಂಬತ್ತೂ ಜನ ಸಾಲಾಗಿ ಬಂದು ತಂತಮ್ಮ ಗಂಡಂದಿರನ್ನು ಪ್ರಾಸದಲ್ಲಿ ಕೂರಿಸಿ ಹೋದರು. ಹನ್ನೊಂದು ಒಡಪು ಪುಕ್ಕಟೆ ಕೇಳಿ ತಾವು ಬೀಗ ಜಡಿದುಕೊಂಡಿರಿ.

ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಅಡ್ಡ ನಿಲ್ಲುವ ನಾದಿನಿ ಕೂಡ ಒಂದು ಒಡಪಿಗೆ ದಾರಿ ಬಿಡುತ್ತಾಳೆ. ಆದ್ದರಿಂದ ತಾವು ನಮ್ಮ ಕಡೆಯ ಮದುವೆಯೊಂದಕ್ಕೆ ಬಂದು, ಚಾಪೆಯ ಮೇಲೆ ಕೂತು, ಐದು ಸೆಕೆಂಡನ್ನು ಪ್ರಾಸ ಮುಗಿಯುವ ತನಕ ಹಿಗ್ಗಿಸುವುದನ್ನು ಕಲಿಯಬೇಕು. ಸಾಧ್ಯವಾದರೆ ತಮ್ಮನ್ನು ಕಟ್ಟಿಕೊಂಡ ಕಂಪನಿಯ ಹೆಸರನ್ನೂ ಒಡಪಿನಲ್ಲಿ ಹೇಳಿ ತೋರಿಸಬೇಕು. ನನಗೆ ಸಿಟ್ಟು ನೆತ್ತಿಗೇರಿದೆ ಎಂಬುದನ್ನು ವಿನಯದಿಂದ ತಿಳಿಸುತ್ತೇನೆ. ನಾಳೆಯೇ ಶನಿವಾರ.

ತಮ್ಮ ಐದು ಸೆಕೆಂಡುಗಳ ವಿಶ್ವಾಸಿ,
ಸುವರ್ಣಾ

ತಾ.ಕ.: ಶನಿವಾರ ಮಧ್ಯಾಹ್ನ. ಬೀಗ ತೆಗೆದು ಸಹಿ ಒಪ್ಪಲು ಮನೆಯವರೊಬ್ಬರು ಗಿರಾಕಿಯ ಹೆಸರು ಹೇಳಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ಬಸವಂತರಾಯರನ್ನು ಕುರಿ ಬಿಡಿಸಿ ಕರೆತಂದೆವು. ಮೂವತ್ತೆರಡು ವರ್ಷ ಹೆಂಡತಿಯನ್ನು “ಏ, ಎಲ್ಲಿ ಅದೀ?” ಎಂದಷ್ಟೇ ಕರೆದ ಆ ಮನುಷ್ಯ ನೆಲ ನೋಡುತ್ತ, ಮೆಲ್ಲಗೆ, “ಶೇವಂತೆವ್ವ” ಎಂದರು. ತಾವು ಅರೆಕ್ಷಣದಲ್ಲಿ ಒಪ್ಪಿಬಿಟ್ಟಿರಿ. ರೊಟ್ಟಿ ಯಂತ್ರ ಕಾರ್ಖಾನೆಯಿಂದ ಹೊರಟಿದೆ. ಶೇವಂತೆವ್ವ ಮಾತ್ರ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳುತ್ತಿದ್ದಾರೆ: “ನಮಗ ಹನ್ನೊಂದ್ ಸಲ ಮತ್ತೊಮ್ಮೆ ಮತ್ತೊಮ್ಮೆ ಅಂತು. ಈಗ್ಯಾಕ ಸುಮ್ನಾತ್ರಿ ಇದು?”