ನಾಲ್ಕು ಸರ್ವರು, ಒಂದು ಕೀಬೋರ್ಡು, ಒಬ್ಬ ಕಾಕಾ

ನಮ್ಮ ಕಾಕಾನಷ್ಟು ವಿನಯವಂತರು ಇಡೀ ಘಟಪ್ರಭಾದಲ್ಲಿ ಇನ್ನೊಬ್ಬರಿಲ್ಲ. ಆದರೆ ಆ ವಿನಯ ನಿಮಗೆ ಸಿಗಬೇಕಾದರೆ ನಿಮಗೊಂದು ವೈರು, ಒಂದು ಪ್ಲಗ್ಗು ಇರಬೇಕು, ಅಷ್ಟೇ! ಮನುಷ್ಯರಾಗಿ ಹುಟ್ಟಿದ ತಪ್ಪಿಗೆ ನಾವೆಲ್ಲ ಅವರ ಬಾಯಲ್ಲಿ ‘ಲೇ’, ‘ಏ’ ಅನ್ನಿಸಿಕೊಳ್ಳುತ್ತೇವೆ. ಫ್ಯಾನು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳಿಗೆ ಮಾತ್ರ ‘ರೀ’, ‘ಬರ್ರಿ’, ‘ಹ್ಯಾಂಗದೀರಿ’!

ಕಾಕಾ ನನ್ನ ಅಪ್ಪನ ತಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಅವರನ್ನು ನಿವೃತ್ತಿ ಮಾಡಿದ್ದು ಸರ್ಕಾರ; ಅವರು ಅದನ್ನು ಒಪ್ಪಿಕೊಂಡ ಹಾಗೆ ಕಾಣುವುದಿಲ್ಲ. ಹೆಗಲ ಮೇಲಿನ ಬಟ್ಟೆಚೀಲದಲ್ಲಿ ಟೆಸ್ಟರು, ಸ್ಕ್ರೂಡ್ರೈವರು, ಟೇಪು, ಯಾವ ಕಾಲದ್ದೋ ವೈರಿನ ತುಂಡುಗಳು ಈಗಲೂ ಇವೆ. ಅವರ ಹೆಂಡತಿ, ನಮ್ಮ ಕಾಕೂನ ಗೋಳು ಕೇಳಿ:

“ಲಗ್ನ ಆಗಿ ಇಷ್ಟ ವರ್ಷಾತು, ಒಂದ ದಿನಾನೂ ನನಗ ‘ದಣದೀಯೇನ’ ಅಂದಿಲ್ಲ. ಮಿಕ್ಸರ್ ಬಿಸಿ ಆದ್ರ ಸಾಕು, ‘ದಣದ್ರೇನ್ರೀ, ಸ್ವಲ್ಪ ಆರಾಮ ಮಾಡ್ರಿ’ ಅಂತಾರ. ನಾನೂ ಒಂದು ಪ್ಲಗ್ ಹಚ್ಚಿಸ್ಕೊಂಡ್ರ ಹ್ಯಾಂಗ ಅಂತ ಮಾಡೇನಿ!”

ಮೂಡಲಗಿಯಲ್ಲಿ ನಮ್ಮವರದೊಂದು ಮದುವೆ. ಮುಂದಿನ ಸಾಲಿನಲ್ಲಿ ಕೂರಿಸಲಿಲ್ಲ ಎಂದು ವರನ ತಂದೆ ಮುನಿಸಿಕೊಂಡು ಕಲ್ಯಾಣಮಂಟಪದ ಕಂಬದ ಹಿಂದೆ ಹೋಗಿ ಕುಳಿತಿದ್ದರು. ಯಾರು ಕರೆದರೂ ಏಳಲೊಲ್ಲರು. ಅದೇ ಹೊತ್ತಿಗೆ ಧ್ವನಿವರ್ಧಕವೂ ಕಿರ್ರೆಂದು ಕಿರುಚತೊಡಗಿತು. ಕಾಕಾ ಸುಮ್ಮನಿದ್ದಾರೆಯೇ? ವೇದಿಕೆ ಹತ್ತಿ, ಅಡ್ಡ ನಿಂತಿದ್ದ ಮದುಮಗನನ್ನು “ಸರಿಯಲೇ ಆ ಕಡೆ” ಎಂದು ತಳ್ಳಿ, ಆಂಪ್ಲಿಫೈಯರಿನ ಬೆನ್ನು ಸವರುತ್ತ ಕುಳಿತರು. “ಸಿಟ್ಟ ಮಾಡ್ಕೋಬ್ಯಾಡ್ರಿ. ನೀವ ಹಿಂಗ ಮುನಿಸ್ಕೊಂಡ್ರ ಈ ಲಗ್ನ ನಡಿಯೂದ ಹ್ಯಾಂಗ್ರೀ? ನಿಮ್ಮ ಬಿಟ್ರ ನಮಗ್ಯಾರದಾರ್ರೀ?”

ಪಕ್ಕದಲ್ಲೇ ಮೈಕು ಇತ್ತು. ಚಾಲೂ ಇತ್ತು!

ಕಂಬದ ಹಿಂದಿನಿಂದ ವರನ ತಂದೆ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದರು. “ಇಷ್ಟ ಮರ್ಯಾದಿ ಕೊಟ್ಟ ಮ್ಯಾಲ ಇನ್ನೇನ ಬೇಕ್ರೀ” ಎಂದು ಕಾಕಾನ ಕೈ ಹಿಡಿದುಕೊಂಡರು. “ಏ ಬಿಡೋ, ವೈರ್ ತುಳಿತೀ!” ಎಂದರು ಕಾಕಾ. ಅಷ್ಟರಲ್ಲಿ ಪುಣ್ಯಕ್ಕೆ ನಾನು ಮೈಕು ಬಂದ್ ಮಾಡಿದ್ದೆ.

ಅವರ ಇನ್ನೊಂದು ಹುಚ್ಚೆಂದರೆ, ಕೆಟ್ಟದ್ದನ್ನು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎನ್ನುವುದು. ಹುಕ್ಕೇರಿಯಲ್ಲಿರುವ ನನ್ನ ಅಕ್ಕನ ಕೂಸು ಒಂದು ಮಧ್ಯಾಹ್ನ ಅಳು ನಿಲ್ಲಿಸಲಿಲ್ಲ. ಕಾಕಾ ಮೊದಲು ಫ್ಯಾನು ನಿಲ್ಲಿಸಿದರು. ಅಳು ನಿಲ್ಲಲಿಲ್ಲ. ಫ್ಯಾನು ಹಚ್ಚಿ ತೊಟ್ಟಿಲು ಸರಿಸಿದರು. ಊಹೂಂ. ತೊಟ್ಟಿಲು ಮೊದಲಿನ ಜಾಗಕ್ಕೆ ತಂದು, ಜೋಗುಳ ಹಾಡುತ್ತಿದ್ದ ಅಕ್ಕನ ಅತ್ತೆಗೆ “ಏ ಮುದುಕಿ, ಬಾಯಿ ಮುಚ್ಚು” ಎಂದರು. ಕೂಸು ತಟಕ್ಕನೆ ಸುಮ್ಮನಾಯಿತು! “ಸಿಕ್ತು ನೋಡು ಫಾಲ್ಟ್” ಎಂದು ಕಾಕಾ ಗೆದ್ದ ನಗೆ ನಕ್ಕರು. ಆಮೇಲೆ ನಮ್ಮ ಮನೆಯವರು ಹುಕ್ಕೇರಿಯ ಕಡೆ ತಲೆ ಹಾಕಲು ಧೈರ್ಯ ಮಾಡಿದ್ದು ಎಷ್ಟೋ ತಿಂಗಳ ನಂತರ.

ಇಂಥವರನ್ನು ನಾನೇ ಫೋನು ಮಾಡಿ ನನ್ನ ಕೆಲಸದ ಜಾಗಕ್ಕೆ ಕರೆಸಿಕೊಂಡೆ ಎಂದರೆ ನನ್ನ ಪರಿಸ್ಥಿತಿ ಹೇಗಿದ್ದಿರಬೇಕು, ನೀವೇ ಊಹಿಸಿ!

ನಾನು ಗೋಕಾಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ಒಂದು ಸಣ್ಣ ಕೋಣೆ ಮತ್ತು ನಾನು. ಕೋಣೆಯಲ್ಲಿ ನಾಲ್ಕು ಸರ್ವರುಗಳಿವೆ. ನಾಲ್ಕಕ್ಕೂ ಸೇರಿ ಒಂದೇ ಮಾನಿಟರು, ಒಂದೇ ಕೀಬೋರ್ಡು, ಒಂದೇ ಮೌಸು. ನಡುವೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಸ್ವಿಚ್ ಪೆಟ್ಟಿಗೆ. ಅದರ ಮೇಲಿನ ನಾಲ್ಕು ಗುಂಡಿಗಳಲ್ಲಿ ಯಾವುದನ್ನು ಒತ್ತುತ್ತೇವೋ ಆ ಸರ್ವರು ನಮ್ಮ ಮಾತು ಕೇಳುತ್ತದೆ. ದೊಡ್ಡ ಕೂಡುಕುಟುಂಬದಲ್ಲಿ ಒಂದೇ ಬಚ್ಚಲುಮನೆ ಇದ್ದ ಹಾಗೆ. ಪಾಳಿ ಪ್ರಕಾರ ನಡೆದರೆ ಯಾರಿಗೂ ತೊಂದರೆಯಿಲ್ಲ.

ಅವತ್ತು ಬೆಳಿಗ್ಗೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟು ಬಂದ ಮೇಲೆ ಮೂರು ಸರ್ವರುಗಳು ತಾವಾಗಿ ಎದ್ದವು. ಲ್ಯಾಬಿನ ವರದಿಗಳಿರುವ ಮೂರನೆಯದು ಮಾತ್ರ ಅರ್ಧದಾರಿಯಲ್ಲಿ ನಿಂತುಬಿಟ್ಟಿತು. ಪರದೆಯ ಮೇಲೆ ಬಂದದ್ದು ಇಷ್ಟೇ: ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಎಫ್-ಒನ್ ಒತ್ತಿರಿ. ಕೀಬೋರ್ಡೇ ಇಲ್ಲ ಅನ್ನುವವನು ಏನನ್ನು ಒತ್ತು ಅನ್ನುತ್ತಾನೆ? ನನ್ನ ತಲೆಯನ್ನೇ? ಒತ್ತಿದೆ, ಕುಟ್ಟಿದೆ, ಊದಿದೆ. ಕೀಬೋರ್ಡಿನ ದೀಪ ಒಮ್ಮೆ ಮಿಣುಕಿ ಸತ್ತೇ ಹೋಯಿತು.

ಹೊರಗೆ ಅರಭಾವಿಯ ಒಬ್ಬ ತುಂಬು ಗರ್ಭಿಣಿ. ಆಪರೇಶನ್ ಆಗಬೇಕು, ಆಕೆಯ ರಕ್ತದ ವರದಿ ಆ ಸರ್ವರಿನ ಹೊಟ್ಟೆಯೊಳಗಿತ್ತು. ಮತ್ತೆ ರಕ್ತ ತೆಗೆದು ಪರೀಕ್ಷೆ ಮಾಡಲು ಎರಡು ತಾಸು ಬೇಕು ಎಂದರು ಲ್ಯಾಬಿನವರು. ಆಕೆಯ ತಾಯಿ ನನ್ನ ಕೋಣೆಯ ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಬೆಳಗಾವಿಯ ಅಂಗಡಿಯವರು ಫೋನಿನಲ್ಲಿ, “ಬಾಕ್ಸ್ ಸತ್ತೈತ್ರಿ ಮೇಡಮ್. ಹೊಸಾದು ತರಸಾಕ ನಾಕ ದಿನಾ ಬೇಕು. ಅಲ್ಲೀತನಕಾ ಏನೂ ಮುಟ್ಟಬ್ಯಾಡ್ರಿ” ಎಂದರು. ಹೆದರಿ ನಾನು ಮುಟ್ಟಲಿಲ್ಲ. ಕಾಕಾಗೆ ಫೋನು ಮಾಡಿದೆ.

ಘಟಪ್ರಭಾದ ಬಸ್ಸಿಳಿದು ಚೀಲದೊಂದಿಗೆ ಓಡಿಯೇ ಬಂದರು. ಬಾಗಿಲಲ್ಲಿದ್ದ ಹಿರಿಯ ಡಾಕ್ಟರಿಗೆ “ಸರಿ ಆ ಕಡೆ, ಬೆಳಕ ಬರ್ಲಿ” ಎಂದರು. ಸರ್ವರುಗಳ ಮುಂದೆ ನಿಂತು ಕೈ ಮುಗಿದರು.

“ನಾಲ್ಕೂ ಮಂದಿ ಆರಾಮ್ ಅದೀರೇನ್ರೀ?”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

“ಕಾಕಾ, ಬಾಕ್ಸ್ ಸತ್ತೈತಿ ಅಂತರಿ.”

“ಸತ್ತವರ ಮುಖಾ ನೋಡ್ದ ಸತ್ತಾರ ಅಂದವ ಯಾವನಲೇ? ಮೊದಲ ಇವರನ್ನ ನಡುವಿಂದ ತಗಿ.”

ಕೀಬೋರ್ಡಿನ ಕೇಬಲನ್ನು ಪೆಟ್ಟಿಗೆಯಿಂದ ಕಿತ್ತು, ಮೂರನೆಯ ಸರ್ವರಿನ ಬೆನ್ನಿಗೇ ನೇರವಾಗಿ ಚುಚ್ಚಿದರು. ಕೀಬೋರ್ಡಿನ ದೀಪ ಹತ್ತಿತು! “ಒತ್ತು” ಎಂದರು. ಎಫ್-ಒನ್ ಒತ್ತಿದೆ. ಪರದೆ ಕಪ್ಪಾಯಿತು. ಆಮೇಲೆ ಸಾಲು ಸಾಲಾಗಿ ಅಕ್ಷರಗಳು ಓಡಿದವು. ಐದು ನಿಮಿಷದಲ್ಲಿ ಲ್ಯಾಬಿನ ಪ್ರಿಂಟರು ಗುರ್ರೆಂದಿತು. ವರದಿ ಹಿಡಿದುಕೊಂಡು ನರ್ಸು ಓಡಿದಳು. ಗರ್ಭಿಣಿಯ ತಾಯಿಯೂ ಅವಳ ಹಿಂದೆ ಓಡಿದಳು.

ಬೇರೆ ಯಾರಾದರೂ ಆಗಿದ್ದರೆ ಚಹಾ ಕುಡಿದು ಹೊರಟುಬಿಡುತ್ತಿದ್ದರು. ಕಾಕಾ ಆ ಪೈಕಿ ಅಲ್ಲ. ಕೀಬೋರ್ಡನ್ನು ಮತ್ತೆ ಪೆಟ್ಟಿಗೆಗೇ ಸಿಕ್ಕಿಸಿದರು. ದೀಪ ಮತ್ತೆ ಸತ್ತಿತು. “ಈಗ ಕಳ್ಳನ್ನ ಹುಡುಕೂಣು” ಎಂದು ತೋಳು ಮಡಚಿದರು. ಮೂರನೆಯ ಕೇಬಲನ್ನು ಒಂದನೆಯ ತೂತಿಗೆ ಹಾಕಿದರು. ತಪ್ಪು ಕೇಬಲಿನದಾಗಿದ್ದರೆ ಕೇಬಲಿನ ಜೊತೆ ಹೋಗುತ್ತದೆ, ತೂತಿನದಾಗಿದ್ದರೆ ಅಲ್ಲೇ ಉಳಿಯುತ್ತದೆ ಎಂಬುದು ಅವರ ತರ್ಕ. ಒಂದೊಂದಾಗಿ ನಾಲ್ಕೂ ಆದವು. ನಾಲ್ಕರಲ್ಲೂ ದೀಪವಿಲ್ಲ! ನಾನು ಕೈಚೆಲ್ಲಿದೆ. ಕಾಕಾ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಜ್ವರ ನೋಡುವವರ ಹಾಗೆ ಅಂಗೈ ಇಟ್ಟರು.

“ಮೈ ತಣ್ಣಗೈತೆಲ್ರೀ… ಲೇ ಹುಡುಗಿ, ಇವರಿಗೆ ಊಟಾ ಯಾರ ಹಾಕ್ತಾರ?”

ಪೆಟ್ಟಿಗೆಯ ಹಿಂದೆ ಒಂದು ಸಣ್ಣ ದುಂಡನೆಯ ತೂತು ಖಾಲಿಯಾಗಿತ್ತು. ಅಡಾಪ್ಟರ್ ಸಿಕ್ಕಿಸುವ ಜಾಗ.

“ಇವರಿಗೆ ಬ್ಯಾರೆ ಕರೆಂಟ್ ಬೇಕು. ಅದು ಇಲ್ದ ಇಷ್ಟ ದಿನಾ ನಾಲ್ಕೂ ಸರ್ವರ್ ಮನಿ ಮುಂದ ಬೇಡಿ ಉಂಡಾರ. ಇವತ್ತ ಎಲ್ಲಾರೂ ಒಮ್ಮೆಲೇ ಮಲಗಿ ಎದ್ರು; ಆ ಬೇಡಿದ್ದ ತುತ್ತು ಪರದೆಗೆ ಸಾಕಾತು, ಕೀಬೋರ್ಡ್ ಎಬ್ಬಸಾಕ ಸಾಲಲಿಲ್ಲ. ಅಡಾಪ್ಟರ್ ಎಲ್ಲಿ?”

ಮೂರು ತಿಂಗಳ ಹಿಂದೆ ಸ್ವಾಗತ ಕೋಣೆಯ ಬಸವಣ್ಣನ ಫೋಟೋಕ್ಕೆ ದೀಪದ ಸರ ಹಾಕುವಾಗ ಅಡಾಪ್ಟರು ಸಾಲದೆ ಬಂದಿತ್ತು. ‘ಈ ಡಬ್ಬಿ ಇದಿಲ್ಲದೆಯೂ ನಡೆಯುತ್ತದೆ’ ಎಂದು ಕಿತ್ತು ಕೊಟ್ಟ ಬುದ್ಧಿವಂತೆ ಯಾರು? ನಾನೇ!

ಓಡಿದೆ. ಬಸವಣ್ಣನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಸರದ ಅಡಾಪ್ಟರ್ ಕಿತ್ತು ತಂದೆ. ಕಾಕಾ ಸಿಕ್ಕಿಸಿದರು. ಟಕ್ ಟಕ್ ಟಕ್ ಟಕ್! ನಾಲ್ಕು ಹಸಿರು ದೀಪಗಳು! ಒಂದನೆಯ ಗುಂಡಿ, ಎರಡನೆಯದು, ಮೂರು, ನಾಲ್ಕು. ಎಲ್ಲದರಲ್ಲೂ ಕೀಬೋರ್ಡು ಬೆಣ್ಣೆಯ ಹಾಗೆ ನಡೆಯಿತು. ನಾನು ಪರದೆಯ ಮೇಲೆ ‘ಕಾಕಾ ಕಾಕಾ ಕಾಕಾ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಕುಣಿದೇಬಿಟ್ಟೆ! “ಸಾಕ ಬಿಡ, ಅವರಿಗೆ ತ್ರಾಸ ಆಗ್ತೈತಿ” ಎಂದು ಕಾಕಾ ಗದರಿದರು.

ಗದ್ದಲ ಕೇಳಿ ಡಾಕ್ಟರು ಬಂದರು. “ಏನಾಗಿತ್ರಿ?” ಎಂದರು. ನಾನು ಅಡಾಪ್ಟರಿಗೆ ಅಡ್ಡವಾಗಿ ನಿಂತೆ.

“ಪೆಟಿಗಿಯವರಿಗೆ ಹಸಿವಾಗಿತ್ತು” ಎಂದರು ಕಾಕಾ, ನನ್ನ ಕಡೆ ತಿರುಗದೆಯೇ. “ಊಟಾ ಹಾಕೇನಿ.”

ಅಷ್ಟರಲ್ಲಿ ನರ್ಸು ನಗುತ್ತ ಬಂದಳು. ಅರಭಾವಿಯ ಹೆಣ್ಣುಮಗಳಿಗೆ ಹೆಣ್ಣು ಕೂಸು, ಇಬ್ಬರೂ ಕ್ಷೇಮ! ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಸಿನ ಅಜ್ಜಿ ಬಂದು ಕಾಕಾನ ಬಾಯಿಗೇ ಒಂದು ಪೇಢೆ ತುರುಕಿದಳು. ಡಾಕ್ಟರು ಒಂದು ಶಾಲು ತರಿಸಿ ಹೊದಿಸಲು ಬಂದಾಗ ಕಾಕಾ ಪೇಢೆ ನುಂಗಿ, ಕೈ ಅಡ್ಡ ಹಿಡಿದರು.

“ಶಾಲ ಬ್ಯಾಡ. ಆ ಕೋಣ್ಯಾಗ ನಾಕ ಮಷಿನ್ ಅದಾವು, ಅವಕ್ಕ ತಂಪ ಹಾಕಾಕ ಎಸಿ ಐತಿ. ಕೂಡ್ರಾಕ ಒಂದ ಕುರ್ಚಿ ಇಲ್ಲ. ನಾ ಬಂದಾಗಿಂದ ಈ ಹುಡುಗಿ ನಿಂತ ಟೈಪ್ ಮಾಡಾಕತ್ತಾಳ. ಒಮ್ಮಿ ಈ ಕಾಲ ಮ್ಯಾಲ ಭಾರ ಹಾಕ್ತಾಳ, ಒಮ್ಮಿ ಆ ಕಾಲ ಮ್ಯಾಲ. ನೋಡಾಕತ್ತೇನಿ ನಾನು. ಆಕಿಗೊಂದ ಕುರ್ಚಿ ಹಾಕಸು.”

ಐದು ವರ್ಷದಿಂದ ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಕುರ್ಚಿ ಇಲ್ಲ ಎನ್ನುವುದು ನನ್ನ ಗಮನಕ್ಕೂ ಬಂದಿರಲಿಲ್ಲ.

ಡಾಕ್ಟರು ಹೋಗಿ ತಮ್ಮ ಕೋಣೆಯಿಂದ ಒಂದು ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಇಟ್ಟರು. “ಕೂಡು” ಎಂದರು ಕಾಕಾ. ನಾನು ಕೂತ ಮೇಲೆಯೇ ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸು ತಪ್ಪುತ್ತದೆಂದು ಗೊಣಗುತ್ತ ಹೊರಟರು.

ಮೊದಲ ಬಾರಿಗೆ ಆ ಪರದೆ ನನ್ನ ಕಣ್ಣಿನ ನೇರಕ್ಕೆ ಬಂದಿತ್ತು. ಅದರ ಮೇಲೆ ಏನಿತ್ತೋ, ಸ್ವಲ್ಪ ಹೊತ್ತು ನನಗೆ ಓದಲಾಗಲಿಲ್ಲ.